ಕಣ ಹಿಡಿಯುವ ಪೆಟ್ಟಿಗೆಯನ್ನು ನಂಬುವುದು ಹೇಗೆ?

ಬೋರ್‌ವೆಲ್‌ಗೆ ಮೋಟರ್ ಇಳಿಸುವುದನ್ನು ನೋಡಿದ್ದೀರಾ? ಮೋಟರ್ ಹೊಸದೇ ಇರಬಹುದು, ಅಂಗಡಿಯವರು ಗ್ಯಾರಂಟಿ ಕಾರ್ಡನ್ನೂ ಕೊಟ್ಟಿರಬಹುದು. ಆದರೂ ಇಳಿಸುವ ಮುಂಚೆ ಮೇಲೆಯೇ ಕರೆಂಟು ಕೊಟ್ಟು ಒಂದು ಕ್ಷಣ ತಿರುಗಿಸಿ ನೋಡುತ್ತಾರೆ. ಕೇಬಲ್ ಜಾಯಿಂಟಿಗೆ ಇನ್ನೊಂದು ಸುತ್ತು ಟೇಪು ಹಾಕುತ್ತಾರೆ. ಐನೂರು ಅಡಿ ಕೆಳಗೆ ಹೋದ ಮೇಲೆ ಕೈಕೊಟ್ಟರೆ ಒಂದೊಂದೇ ಪೈಪು ಬಿಚ್ಚುತ್ತಾ ಮೇಲೆತ್ತಬೇಕು. ಆ ಖರ್ಚು, ಆ ತಲೆನೋವು ಯಾರಿಗೆ ಬೇಕು?

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿರುವ ಸರ್ನ್ ಪ್ರಯೋಗಾಲಯದ ಚಿಂತೆಯೂ ಹೆಚ್ಚೂಕಡಿಮೆ ಇದೇ. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಎಲ್‌ಎಚ್‌ಸಿ ಎಂಬ ಯಂತ್ರವಿದೆ. ಪ್ರೋಟಾನ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸುವುದು ಅದರ ಕೆಲಸ. 2026ರ ಮಧ್ಯದಲ್ಲಿ ಅದನ್ನು ನಿಲ್ಲಿಸಿ, ಕೆಲವು ವರ್ಷ ಬದಲಾವಣೆ ಮಾಡಿ, 2030ರ ಸುಮಾರಿಗೆ ಇನ್ನೂ ಜಾಸ್ತಿ ಡಿಕ್ಕಿಗಳೊಂದಿಗೆ ಮತ್ತೆ ಶುರು ಮಾಡಬೇಕೆಂಬುದು ಯೋಜನೆ. ಡಿಕ್ಕಿ ಜಾಸ್ತಿಯಾದರೆ ಅದನ್ನು ನೋಡುವ ಡಿಟೆಕ್ಟರ್‌ಗಳೂ ಬದಲಾಗಬೇಕು. ಆ ಕೆಲಸದಲ್ಲಿ ಭಾರತದ ಪ್ರಯೋಗಾಲಯಗಳ ಪಾಲೂ ಇದೆ. ಸುದ್ದಿಯಲ್ಲಿ ‘ಡಿಟೆಕ್ಟರ್’ ಅಂತ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಅದನ್ನು ಕಟ್ಟುವುದು ಹೇಗೆ? ಅದು ಹೇಳಿದ್ದನ್ನು ನಂಬುವುದು ಹೇಗೆ? ಬುಡದಿಂದ ನೋಡೋಣ.

## ಕಣ ಕಾಣುವುದಿಲ್ಲ, ಹೆಜ್ಜೆ ಕಾಣುತ್ತದೆ

ರಾತ್ರಿ ರಾಗಿ ಹೊಲಕ್ಕೆ ಹಂದಿ ನುಗ್ಗಿತ್ತು ಅಂತಿಟ್ಟುಕೊಳ್ಳಿ. ಹಂದಿಯನ್ನು ಯಾರೂ ನೋಡಿಲ್ಲ. ಆದರೆ ಬೆಳಗ್ಗೆ ಹೋದವರಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಒಂದೋ ಎರಡೋ ಅನ್ನುವುದೆಲ್ಲ ಗೊತ್ತಾಗುತ್ತದೆ. ಬಿದ್ದ ಪೈರೇ ಹೇಳುತ್ತದೆ.

ಕಣ ಭೌತಶಾಸ್ತ್ರದ ಡಿಟೆಕ್ಟರ್ ಎಂದರೆ ಅಂಥ ಹೊಲ. ವಿದ್ಯುದಾವೇಶ ಇರುವ ಒಂದು ಕಣ ಯಾವುದೇ ವಸ್ತುವಿನ ಒಳಗೆ ವೇಗವಾಗಿ ಹಾದುಹೋದರೆ, ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಚೆಲ್ಲುತ್ತಾ ಹೋಗುತ್ತದೆ. ಆ ಚೆಲ್ಲಿದ ಎಲೆಕ್ಟ್ರಾನ್‌ಗಳನ್ನು ಒಟ್ಟುಮಾಡಿದರೆ ಚಿಕ್ಕದೊಂದು ಕರೆಂಟಿನ ಮಿಡಿತ ಸಿಗುತ್ತದೆ. ವಸ್ತು ಅನಿಲವಾಗಿರಬಹುದು, ಸಿಲಿಕಾನ್ ಬಿಲ್ಲೆಯಾಗಿರಬಹುದು. ಕೆಲವು ಬಗೆಯ ಪ್ಲಾಸ್ಟಿಕ್ ಮತ್ತು ಹರಳುಗಳು ಕಣ ಹಾದಾಗ ಮಿಣುಕ್ ಎಂದು ಬೆಳಕು ಬಿಡುತ್ತವೆ. ಅವಕ್ಕೆ ಸಿಂಟಿಲೇಟರ್ ಎಂದು ಹೆಸರು.

ಒಂದೇ ವಸ್ತುವಿನಿಂದ ಎಲ್ಲ ಕಣಗಳನ್ನೂ ಹಿಡಿಯಲು ಆಗುವುದಿಲ್ಲ. ಅದಕ್ಕೇ ದೊಡ್ಡ ಡಿಟೆಕ್ಟರ್‌ಗಳು ಈರುಳ್ಳಿಯಂತೆ ಪದರ ಪದರ. ಎಲ್‌ಎಚ್‌ಸಿಯ ಸಿಎಂಎಸ್ ಡಿಟೆಕ್ಟರನ್ನೇ ನೋಡಿ. ತೂಕ 14,000 ಟನ್. ಒಳಗಡೆ ದಾರಿ ಗುರುತಿಸುವ ಸಿಲಿಕಾನ್. ಆಮೇಲೆ 75,848 ಸೀಸದ ಟಂಗ್‌ಸ್ಟೇಟ್ ಹರಳುಗಳು. ಎಲೆಕ್ಟ್ರಾನ್ ಮತ್ತು ಬೆಳಕಿನ ಕಣಗಳು ಇಲ್ಲಿ ತಮ್ಮ ಶಕ್ತಿಯನ್ನೆಲ್ಲ ಚೆಲ್ಲಿ ನಿಂತುಬಿಡುತ್ತವೆ. ಪ್ರೋಟಾನಿನಂಥವು ಇನ್ನೂ ಸ್ವಲ್ಪ ಮುಂದೆ, ಹಿತ್ತಾಳೆಯ ಪದರಗಳಲ್ಲಿ ನಿಲ್ಲುತ್ತವೆ. ಎಲ್ಲವನ್ನೂ ದಾಟಿ ಹೊರಗೆ ಬರುವುದು ಮ್ಯೂಯಾನ್. ಇದು ಎಲೆಕ್ಟ್ರಾನಿನ ದಪ್ಪನೆಯ ಅಣ್ಣ. ಸುಮಾರು 200 ಪಟ್ಟು ಭಾರ. ಅದನ್ನು ಗುರುತಿಸಲು ಎಲ್ಲಕ್ಕಿಂತ ಹೊರಗೆ ಅನಿಲ ತುಂಬಿದ ಪೆಟ್ಟಿಗೆಗಳಿರುತ್ತವೆ.

ಆ ಪೆಟ್ಟಿಗೆಗಳಲ್ಲಿ ಒಂದು ಬಗೆಯನ್ನು ಬಿಚ್ಚಿ ನೋಡೋಣ. ಕಟ್ಟುವುದು ಸುಲಭ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ.

## ಎರಡು ಹಾಳೆ, ನಡುವೆ ಎರಡು ಮಿಲಿಮೀಟರ್

ಇದರ ಹೆಸರು ರೆಸಿಸ್ಟಿವ್ ಪ್ಲೇಟ್ ಚೇಂಬರ್, ಚಿಕ್ಕದಾಗಿ ಆರ್‌ಪಿಸಿ. ಇಟಲಿಯ ಸಾಂಟೋನಿಕೊ ಮತ್ತು ಕಾರ್ಡರೆಲ್ಲಿ 1981ರಲ್ಲಿ ಇದನ್ನು ಮುಂದಿಟ್ಟರು. ಬೇಕಾಗುವ ಸಾಮಾನು ಎರಡು ಹಾಳೆ. ಅವು ಗಾಜಿನವು ಇರಬಹುದು, ಇಲ್ಲವೇ ಹಳೆಯ ಸ್ವಿಚ್‌ಬೋರ್ಡುಗಳಲ್ಲಿ ಕಾಣುತ್ತಿದ್ದ ಬೇಕಲೈಟ್ ಆಗಬಹುದು. ಎರಡರ ನಡುವೆ ಎರಡು ಮಿಲಿಮೀಟರ್ ಜಾಗ ಬಿಟ್ಟು, ಆ ಜಾಗ ಎಲ್ಲೆಡೆ ಒಂದೇ ಸಮ ಇರುವಂತೆ ಸಣ್ಣ ಪ್ಲಾಸ್ಟಿಕ್ ಗುಂಡಿಗಳನ್ನು ಅಂಟಿಸುತ್ತಾರೆ. ಸುತ್ತ ಅಂಚು ಮುಚ್ಚಿ ಒಳಗೆ ಅನಿಲ ಹರಿಸುತ್ತಾರೆ. ಹಾಳೆಗಳ ಹೊರಮೈಗೆ ಗ್ರಾಫೈಟ್ ಬಳಿದು, ಸುಮಾರು 10,000 ವೋಲ್ಟ್ ಕೊಡುತ್ತಾರೆ.

ಮನೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್. ಅದರ ನಲವತ್ತು ಪಟ್ಟಿಗಿಂತ ಜಾಸ್ತಿ ಎಳೆತ, ಅದೂ ಎರಡು ಮಿಲಿಮೀಟರ್ ಜಾಗದಲ್ಲಿ. ಅಲ್ಲಿ ಒಂದು ಮ್ಯೂಯಾನ್ ಹಾದು ಕೆಲವು ಎಲೆಕ್ಟ್ರಾನ್‌ಗಳನ್ನು ಕಿತ್ತರೆ ಅವು ಸುಮ್ನೆ ಇರುವುದಿಲ್ಲ. ಓಡಿ, ಮುಂದಿನ ಪರಮಾಣುವಿಗೆ ಗುದ್ದಿ, ಅಲ್ಲಿಂದ ಇನ್ನಷ್ಟನ್ನು ಬಿಡಿಸುತ್ತವೆ. ಅವು ಮತ್ತಷ್ಟನ್ನು. ಮದುವೆಮನೆಯಲ್ಲಿ ಗುಟ್ಟು ಹರಡುವ ಹಾಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಲಕ್ಷಗಟ್ಟಲೆ. ಹೊರಗಿಟ್ಟ ತಾಮ್ರದ ಪಟ್ಟಿಗಳಲ್ಲಿ ಮಿಡಿತ ಮೂಡುವುದು ಆಗಲೇ. ಯಾವ ಪಟ್ಟಿ ಮಿಡಿಯಿತು ಎಂಬುದರಿಂದ ಜಾಗ ಗೊತ್ತಾಗುತ್ತದೆ. ಸಮಯವಂತೂ ಸೆಕೆಂಡಿನ ನೂರು ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ನಿಖರ.

ಗುಟ್ಟು ಊರೆಲ್ಲ ಹರಡಿ ಗಲಾಟೆಯಾಗದಂತೆ ತಡೆಯುವವರೂ ಬೇಕಲ್ವಾ? ಆ ಕೆಲಸ ಹಾಳೆಗಳದು. ಗಾಜು ಮತ್ತು ಬೇಕಲೈಟ್ ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಮಿಡಿತವಾದ ಜಾಗ ಮಾತ್ರ ಸ್ವಲ್ಪ ಹೊತ್ತು ಸುಸ್ತಾಗುತ್ತದೆ, ಉಳಿದ ಜಾಗ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಅನಿಲದ ಮಿಶ್ರಣವೂ ನೆರವಾಗುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ಕಾರಿನ ಎಸಿಗೆ ತುಂಬುವ ಆರ್-134ಎ ಅನಿಲ. ನಾಲ್ಕೂವರೆ ಪಾಲಿನಷ್ಟು ಐಸೋಬ್ಯೂಟೇನ್. ಸಲ್ಫರ್ ಹೆಕ್ಸಾಫ್ಲೋರೈಡ್ ಕೇವಲ ಚಿಟಿಕೆಯಷ್ಟು, ಆದರೆ ಅದಿಲ್ಲದಿದ್ದರೆ ಮಿಡಿತ ಕಿಡಿಯಾಗಿಬಿಡುವ ಸಂಭವ ಜಾಸ್ತಿ. ಸಾರಿಗೆ ಇಂಗಿನಂತೆ ಅನ್ನಿ. ಆರ್-134ಎ ಭೂಮಿಯನ್ನು ಬಿಸಿ ಮಾಡುವ ಅನಿಲವಾದ್ದರಿಂದ ಬದಲಿ ಮಿಶ್ರಣಕ್ಕೆ ಹುಡುಕಾಟ ನಡೆದಿದೆ.

ಭಾರತದ ನ್ಯೂಟ್ರಿನೋ ವೀಕ್ಷಣಾಲಯದ (ನ್ಯೂಟ್ರಿನೋ ಎಂಬುದೂ ಒಂದು ಕಣ, ಅದರ ಕಥೆ ಕೊನೆಗೆ ಬರುತ್ತದೆ) ಯೋಜನೆಯಲ್ಲಿ 50,000 ಟನ್ ಕಬ್ಬಿಣದ ತಗಡುಗಳ ನಡುವೆ ಇಂಥ ಗಾಜಿನ ಪೆಟ್ಟಿಗೆಗಳನ್ನು ಜೋಡಿಸಬೇಕಿತ್ತು. ಒಂದೊಂದೂ ಸುಮಾರು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಒಟ್ಟು 28,000ಕ್ಕೂ ಹೆಚ್ಚು. ಬೆಟ್ಟದೊಳಗಿನ ಆ ವೀಕ್ಷಣಾಲಯ ಇನ್ನೂ ಮೇಲೆದ್ದಿಲ್ಲ. ಅದರ ಚಿಕ್ಕ ಮಾದರಿ, 85 ಟನ್ನಿನದು, ಮಧುರೈಯಲ್ಲಿದೆ.

## ಸಂತೆಯಲ್ಲಿ ಗಡಿಗೆ ಬಡಿದ ಹಾಗೆ

ಪೆಟ್ಟಿಗೆ ಸಿದ್ಧವಾಯಿತು. ಮೊದಲ ಪರೀಕ್ಷೆಗೆ ಕಣಗಳೇ ಬೇಡ. ಸೋರುತ್ತಿದೆಯಾ ಅಂತ ನೋಡುವುದು.

ಸೈಕಲ್ ಶಾಪಿನಲ್ಲಿ ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬಾಣಲೆಯಲ್ಲಿ ಮುಳುಗಿಸುತ್ತಾರೆ. ಎರಡು ಮೀಟರ್ ಗಾಜಿನ ಪೆಟ್ಟಿಗೆಯನ್ನು ಹಾಗೆ ಮುಳುಗಿಸಲು ಆಗುವುದಿಲ್ಲ. ಬದಲಿಗೆ ಒಳಗೆ ಹೊರಗಿಗಿಂತ ತುಸುವೇ ಹೆಚ್ಚು ಒತ್ತಡ ತುಂಬಿ, ಮುಚ್ಚಿಟ್ಟು, ಮೀಟರ್ ನೋಡುತ್ತಾ ಕೂರುತ್ತಾರೆ. ಒತ್ತಡ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ತೂತಿದೆ. ಕೋಣೆಯ ಬಿಸಿ ಬದಲಾದರೂ ಮೀಟರ್ ಏರುಪೇರಾಗುತ್ತದೆ. ಹಾಗಾಗಿ ಬಿಸಿಯನ್ನೂ ಹವೆಯ ಒತ್ತಡವನ್ನೂ ಜೊತೆಗೇ ಬರೆದುಕೊಳ್ಳಬೇಕು.

ಅದೇ ಹೊತ್ತಿಗೆ ಒಳಗಿನ ಗುಂಡಿಗಳ ಪರೀಕ್ಷೆಯೂ ನಡೆಯುತ್ತದೆ. ಒಂದೊಂದು ಗುಂಡಿ ಇರುವ ಜಾಗವನ್ನೂ ಮೇಲಿನಿಂದ ಮೆತ್ತಗೆ ಒತ್ತುತ್ತಾ ಹೋಗುತ್ತಾರೆ. ಅಂಟು ಬಿಟ್ಟಿದ್ದರೆ ಅಲ್ಲಿ ಹಾಳೆ ತಗ್ಗಿ ಮೀಟರ್ ಟಕ್ಕನೆ ಜಿಗಿಯುತ್ತದೆ. ಸಂತೆಯಲ್ಲಿ ಗಡಿಗೆಯನ್ನು ಬೆರಳಲ್ಲಿ ಬಡಿದು ಕಿವಿಗೊಡುವುದಿಲ್ಲವೇ, ಹಾಗೆ. ನೂರು ಗುಂಡಿಯಲ್ಲಿ ಒಂದು ಬಿಟ್ಟಿದ್ದರೂ ಅಲ್ಲಿ ಎರಡು ಮಿಲಿಮೀಟರ್ ಎನ್ನುವುದು ಎರಡು ಮಿಲಿಮೀಟರಾಗಿ ಉಳಿಯುವುದಿಲ್ಲ. ಎಳೆತ ಬದಲಾಗುತ್ತದೆ, ಮಿಡಿತ ಬದಲಾಗುತ್ತದೆ.

ಆಮೇಲೆ ಕರೆಂಟು. ವೋಲ್ಟೇಜನ್ನು ಒಂದೇ ಸಲಕ್ಕೆ ಏರಿಸುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಪೆಟ್ಟಿಗೆ ಎಷ್ಟು ಕರೆಂಟು ಎಳೆಯುತ್ತಿದೆ ಎಂದು ನೋಡುತ್ತಾರೆ. ಒಳಗೆ ಧೂಳಿನ ಕಣವೊಂದು ಕೂತಿದ್ದರೂ, ಹಾಳೆಯ ಮೇಲೆ ಬೆರಳಚ್ಚು ಉಳಿದಿದ್ದರೂ ಇಲ್ಲಿ ಬಯಲಾಗುತ್ತದೆ. ಕಟ್ಟುವವರು ಗ್ಲೌಸು, ಕೋಟು, ತಲೆಗೆ ಟೋಪಿ ಹಾಕಿ ಆಪರೇಷನ್ ಥಿಯೇಟರಿನವರ ಹಾಗೆ ಕಾಣುವುದು ಇದಕ್ಕೇ. ಮಳೆಗಾಲದ ತೇವವೂ ಶತ್ರುವೇ. ತೇವ ಏರಿದರೆ ಪೆಟ್ಟಿಗೆಯ ಹೊರಮೈ ಮೇಲೆಯೇ ಕರೆಂಟು ಜಾರಿಹೋಗುತ್ತದೆ.

## ಆಕಾಶದಿಂದ ಬರುವ ಪುಕ್ಕಟೆ ಪರೀಕ್ಷಕರು

ಇನ್ನು ನಿಜವಾದ ಕಣಗಳು ಬೇಕು. ಅದಕ್ಕೆ ಸರ್ನ್‌ಗೆ ಹೋಗಬೇಕಿಲ್ಲ. ನಿಮ್ಮ ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಸುಮಾರು ಸೆಕೆಂಡಿಗೊಂದರಂತೆ ಮ್ಯೂಯಾನ್ ಅದರ ಮೂಲಕ ಹಾದುಹೋಗುತ್ತಿರುತ್ತದೆ. ಬಾಹ್ಯಾಕಾಶದಿಂದ ಬರುವ ಕಣಗಳು ವಾತಾವರಣದ ಮೇಲ್ಭಾಗಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ನೆಲದ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಸೂರು ತೂರಿ ಬರುತ್ತವೆ, ರಾತ್ರಿ ಹಗಲು ಬರುತ್ತವೆ, ಬಿಲ್ ಕೊಡುವುದಿಲ್ಲ.

ಪರೀಕ್ಷೆಯ ಉಪಾಯ ಬಲು ಸರಳ. ನನಗೆ ಈ ಇಡೀ ವಿಷಯದಲ್ಲಿ ತುಂಬ ಹಿಡಿಸಿದ್ದು ಇದೇ. ಪೆಟ್ಟಿಗೆಯ ಮೇಲೊಂದು, ಕೆಳಗೊಂದು ಸಿಂಟಿಲೇಟರ್ ಇಡುತ್ತಾರೆ. ಎರಡೂ ಒಂದೇ ಹೊತ್ತಿಗೆ ಮಿನುಗಿದರೆ ಒಂದು ಮ್ಯೂಯಾನ್ ಮೇಲಿನಿಂದ ಕೆಳಕ್ಕೆ ಹಾದಿದೆ ಎಂದು ಅರ್ಥ. ಅಂದರೆ ನಡುವಿನ ಪೆಟ್ಟಿಗೆಯನ್ನೂ ದಾಟಿರಲೇಬೇಕು. ಇಬ್ಬರು ಸಾಕ್ಷಿಗಳು ಹೌದು ಅಂದಾಯಿತು. ಈಗ ಮೂರನೆಯವನನ್ನು ಕೇಳಿ: ನೀನು ನೋಡಿದೆಯಾ? ಸಾಕ್ಷಿಗಳು ಸಾವಿರ ಸಲ ಹೌದು ಅಂದಾಗ ಪೆಟ್ಟಿಗೆ 960 ಸಲ ಹೌದು ಅಂದರೆ ಅದರ ದಕ್ಷತೆ ನೂರಕ್ಕೆ 96.

ಇದನ್ನು ಬೇರೆ ಬೇರೆ ವೋಲ್ಟೇಜಿನಲ್ಲಿ ಮಾಡುತ್ತಾರೆ. ಕಡಿಮೆ ವೋಲ್ಟೇಜಿನಲ್ಲಿ ಪೆಟ್ಟಿಗೆ ಕಿವುಡ. ಏರಿಸುತ್ತಾ ಹೋದಂತೆ ದಕ್ಷತೆ ಸರ್ರನೆ ಏರಿ, ಒಂದು ಹಂತದ ನಂತರ ಮಟ್ಟಸ ನೆಲದಂತೆ ಸಮವಾಗುತ್ತದೆ. ಇನ್ನೂ ಏರಿಸಿದರೆ ಪ್ರಯೋಜನವಿಲ್ಲ, ಬರೀ ಗದ್ದಲ ಜಾಸ್ತಿಯಾಗುತ್ತದೆ. ಯಾವ ಕಣವೂ ಬಾರದಿದ್ದಾಗ ಪೆಟ್ಟಿಗೆ ತಾನಾಗಿ ಎಷ್ಟು ಸಲ ಬಡಬಡಿಸುತ್ತದೆ ಎಂಬ ಲೆಕ್ಕವೇ ಗದ್ದಲ. ಕರೆದಾಗ ಓಗೊಡುವವರು ಬೇಕು, ಕರೆಯದೆಯೂ ಓಗೊಡುವವರಿಂದ ಕಷ್ಟ. ಆ ಮಟ್ಟಸ ಜಾಗದಲ್ಲಿ, ಗದ್ದಲ ಏರುವ ಮುಂಚೆ ಒಂದು ವೋಲ್ಟೇಜನ್ನು ಆರಿಸಿ ಆ ಪೆಟ್ಟಿಗೆಯ ಹೆಸರಿಗೆ ಬರೆದಿಡುತ್ತಾರೆ. ಒಂದೇ ಕೋಣೆಯಲ್ಲಿ, ಒಂದೇ ಕೈಯಿಂದ ಕಟ್ಟಿದ ಎರಡು ಪೆಟ್ಟಿಗೆಗೂ ಅದು ಒಂದೇ ಇರುತ್ತದೆ ಅನ್ನುವ ಹಾಗಿಲ್ಲ.

## ಎಣ್ಣೆ ಕೈಕೊಟ್ಟ ಕಥೆ

ಇಷ್ಟೆಲ್ಲ ಪಾಸಾದರೂ ಸಾಲದು ಅನ್ನುವುದಕ್ಕೆ ಅಮೆರಿಕದ ಬಾಬಾರ್ ಪ್ರಯೋಗ ಸಾಕ್ಷಿ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 1999ರಲ್ಲಿ ಶುರುವಾದ ಈ ಪ್ರಯೋಗದಲ್ಲಿ ನೂರಾರು ಬೇಕಲೈಟ್ ಆರ್‌ಪಿಸಿಗಳಿದ್ದವು. ಬೇಕಲೈಟ್ ಮೈ ಗಾಜಿನಷ್ಟು ನುಣುಪಲ್ಲ. ಅದನ್ನು ನುಣುಪು ಮಾಡಲು ಒಳಮೈಗೆ ಅಗಸೆ ಎಣ್ಣೆ ಸವರುವುದು ರೂಢಿ. ಮರದ ಬಾಗಿಲಿಗೆ ಹಚ್ಚುತ್ತಾರಲ್ಲ, ಅದೇ ಅಗಸೆ ಎಣ್ಣೆ. ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ.

ಮೊದಲ ಬೇಸಿಗೆಯಲ್ಲೇ ಡಿಟೆಕ್ಟರ್ ಇದ್ದ ಜಾಗ ಮೂವತ್ತು ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಯಿತು. ಪೆಟ್ಟಿಗೆಗಳು ಎಳೆಯುವ ಕರೆಂಟು ಏರಿತು, ದಕ್ಷತೆ ಇಳಿಯತೊಡಗಿತು. ಆಮೇಲೆ ತಂಪು ಮಾಡಿದರೂ ಅದು ಪೂರ್ತಿ ಮರಳಲಿಲ್ಲ. ಕೆಲವನ್ನು ಬಿಚ್ಚಿ ನೋಡಿದಾಗ ಒಳಗೆ ಎಣ್ಣೆ ಸರಿಯಾಗಿ ಒಣಗಿರಲಿಲ್ಲ. ಬಿಸಿಗೆ ಮೆತ್ತಗಾಗಿ ಹನಿ ಕಟ್ಟಿ, ಕೆಲವೆಡೆ ಹಾಳೆಯಿಂದ ಹಾಳೆಗೆ ಕಂಬದಂತೆ ನಿಂತಿತ್ತು. ಆ ಕಂಬಗಳ ಮೂಲಕ ಕರೆಂಟು ಹರಿದುಹೋಗುತ್ತಿತ್ತು. ಮುಂದಿನ ವರ್ಷಗಳಲ್ಲಿ ಆ ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಬದಲಿಸಬೇಕಾಯಿತು.

ತಪ್ಪು ಯಾವುದರಲ್ಲಿತ್ತು ನೋಡಿ. ಭೌತಶಾಸ್ತ್ರದ ದೊಡ್ಡ ಸಿದ್ಧಾಂತದಲ್ಲಲ್ಲ, ಎಣ್ಣೆ ಒಣಗಿಸುವುದರಲ್ಲಿ. ಮುಂದೆ ಕಟ್ಟಿದವರು ಎಣ್ಣೆಯ ಲೇಪವನ್ನು ತೆಳುವಾಗಿಸಿದರು, ಗಾಳಿ ಹರಿಸಿ ಚೆನ್ನಾಗಿ ಒಣಗಿಸುವ ಕ್ರಮ ತಂದರು.

## ಬೆಂಗಳೂರಿನ ಸಿಲಿಕಾನ್

ಸಿಎಂಎಸ್ ಕಥೆಯಲ್ಲಿ ಬೆಂಗಳೂರಿಗೂ ಒಂದು ಜಾಗವಿದೆ. ಅದರ ಹರಳುಗಳ ಮುಂದೆ, ಎರಡೂ ತುದಿಗಳಲ್ಲಿ, ಪ್ರೀಶವರ್ ಎಂಬ ಸಿಲಿಕಾನ್ ಪದರವಿದೆ. ಒಂದೇ ಬೆಳಕಿನ ಕಣ ಬಂತೋ, ಇಲ್ಲ ಅಕ್ಕಪಕ್ಕ ಅಂಟಿಕೊಂಡಂತೆ ಎರಡು ಬಂದವೋ ಎಂದು ಬಿಡಿಸಿ ಹೇಳುವುದು ಅದರ ಕೆಲಸ. ಇದಕ್ಕೆ ಬೇಕಾದ ಸಿಲಿಕಾನ್ ಬಿಲ್ಲೆಗಳಲ್ಲಿ ಸುಮಾರು ಒಂದು ಸಾವಿರವನ್ನು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ವಿನ್ಯಾಸ ಮಾಡಿ, ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ಮಾಡಿಸಿ ಕಳಿಸಿದರು. ಒಂದೊಂದು ಬಿಲ್ಲೆ 6.3 ಸೆಂಟಿಮೀಟರ್ ಚೌಕ. ದಪ್ಪ ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಮೈಮೇಲೆ 32 ಪಟ್ಟಿಗಳು.

ಪರೀಕ್ಷೆ ಇಲ್ಲೂ ಹಾಗೇ. ಬಿಲ್ಲೆಗೆ ವೋಲ್ಟೇಜು ಕೊಟ್ಟು, ಕಣ ಬಾರದಿದ್ದಾಗ ಎಷ್ಟು ಕರೆಂಟು ಸೋರುತ್ತದೆ ಎಂದು ಪಟ್ಟಿ ಪಟ್ಟಿಗೂ ಅಳೆಯುತ್ತಾರೆ. ಒಂದು ಪಟ್ಟಿ ಜಾಸ್ತಿ ಸೋರಿದರೂ ಅದರ ಗದ್ದಲದಲ್ಲಿ ನಿಜವಾದ ಮಿಡಿತ ಮುಳುಗಿಹೋಗುತ್ತದೆ.

## ತೂಕದ ಕಲ್ಲು

ಮ್ಯೂಯಾನ್ ಮಳೆ ಪುಕ್ಕಟೆ, ಆದರೆ ಯಾವುದು ಎಷ್ಟು ಶಕ್ತಿಯದು ಎಂದು ಗೊತ್ತಿರುವುದಿಲ್ಲ. ಶಕ್ತಿ ಅಳೆಯುವ ಡಿಟೆಕ್ಟರಿಗೆ ಇದು ಸಾಲದು. ತಕ್ಕಡಿ ಸರಿ ಇದೆಯಾ ಅಂತ ನೋಡಲು ತೂಕ ಗೊತ್ತಿರುವ ಕಲ್ಲೇ ಬೇಕು.

ಆ ಕಲ್ಲು ಸಿಗುವ ಜಾಗಕ್ಕೆ ಟೆಸ್ಟ್ ಬೀಮ್ ಎಂದು ಹೆಸರು. ಸರ್ನ್‌ನಲ್ಲಿ ಎಲ್‌ಎಚ್‌ಸಿಗಿಂತ ಚಿಕ್ಕದಾದ ಎಸ್‌ಪಿಎಸ್ ಯಂತ್ರದಿಂದ ಪ್ರೋಟಾನ್‌ಗಳನ್ನು ತೆಗೆದು ಲೋಹದ ತುಂಡಿಗೆ ಬಡಿಸುತ್ತಾರೆ. ಅಲ್ಲಿ ಹುಟ್ಟುವ ಕಣಗಳನ್ನು ಅಯಸ್ಕಾಂತಗಳಿಂದ ಬಾಗಿಸಿ, ಬೇಕಾದ ಶಕ್ತಿಯವನ್ನು ಮಾತ್ರ ಜರಡಿ ಹಿಡಿದು ಕಳಿಸುತ್ತಾರೆ. ‘100 ಶಕ್ತಿಯ ಎಲೆಕ್ಟ್ರಾನ್ ಕಳಿಸಿದ್ದೇವೆ, ನಿನ್ನ ಡಿಟೆಕ್ಟರ್ ಎಷ್ಟು ಅಂತು?’ ಇದು ಪ್ರಶ್ನೆ. ಹತ್ತು ಕಳಿಸಿದಾಗ, ಐವತ್ತು ಕಳಿಸಿದಾಗ, ಇನ್ನೂರು ಕಳಿಸಿದಾಗ ಏನಂತು ಎಂದು ಬರೆದುಕೊಂಡು ಒಂದು ಕೋಷ್ಟಕ ಮಾಡಿದರೆ, ಮುಂದೆ ಅದು ಹೇಳುವ ಸಂಖ್ಯೆಗೆ ಅರ್ಥ ಬರುತ್ತದೆ. ಬೀಮು ಕಾಯುವುದಿಲ್ಲ, ಹಂಚಿಕೊಟ್ಟ ಕೆಲವೇ ದಿನ ಸಿಗುತ್ತದೆ. ಹಾಗಾಗಿ ಪಾಳಿ ಹಾಕಿಕೊಂಡು ರಾತ್ರಿ ಹಗಲು ಕೂರುತ್ತಾರೆ.

ಇನ್ನೊಂದು ಪರೀಕ್ಷೆ ಮುಪ್ಪಿನದು. ಹತ್ತು ವರ್ಷ ವಿಕಿರಣದ ನಡುವೆ ಬಾಳಬೇಕಾದ ಡಿಟೆಕ್ಟರ್ ಹತ್ತು ವರ್ಷದ ನಂತರ ಹೇಗಿರುತ್ತದೆ ಎಂದು ಹತ್ತು ವರ್ಷ ಕಾದು ನೋಡಲಾಗುತ್ತದೆಯೇ? ಸರ್ನ್‌ನಲ್ಲಿ ಜಿಐಎಫ್ ಪ್ಲಸ್ ಪ್ಲಸ್ ಎಂಬ ಕೋಣೆಯಿದೆ. ಅದರಲ್ಲಿ ಪ್ರಬಲವಾದ ಸೀಸಿಯಂ-137 ವಿಕಿರಣ ಮೂಲವಿದೆ. ಅದರ ಮುಂದೆ ಪೆಟ್ಟಿಗೆಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಬಾಳುವೆಯ ಏಟನ್ನೆಲ್ಲ ಬೇಗ ತಿನ್ನಿಸುತ್ತಾರೆ. ನಡುನಡುವೆ ಮ್ಯೂಯಾನ್ ಬೀಮು ಹಾಯಿಸಿ, ಇನ್ನೂ ಕಾಣುತ್ತಿದೆಯಾ ಎಂದು ಕೇಳುತ್ತಾರೆ. ಸಿಲಿಕಾನ್‌ಗೆ ಏಟು ಬಿದ್ದಂತೆ ಕರೆಂಟು ಸೋರುವುದು ಏರುತ್ತದೆ. ಅದನ್ನು ಹದ್ದಿನಲ್ಲಿಡಲು ತಂಪು ಬೇಕು. ಸಿಎಂಎಸ್‌ಗೆ ಈಗ ಕಟ್ಟುತ್ತಿರುವ ಹೊಸ ತುದಿಭಾಗದಲ್ಲಿ ಸುಮಾರು 600 ಚದರ ಮೀಟರ್ ಸಿಲಿಕಾನ್, 60 ಲಕ್ಷದಷ್ಟು ಅಳೆಯುವ ಬಿಂದುಗಳು ಇರುತ್ತವೆ. ಅದು ಸೊನ್ನೆಗಿಂತ ಮೂವತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ ಕೆಲಸ ಮಾಡಬೇಕು.

## ಇಳಿಸಿದ ಮೇಲೆ

ಸಿಎಂಎಸ್ ಅನ್ನು ನೆಲದ ಮೇಲೆಯೇ ಕಟ್ಟಿ, ಹದಿನೈದು ಭಾಗಗಳಾಗಿ ಕೆಳಗಿಳಿಸಿದರು. ನಡುವಿನ ಭಾಗವೊಂದೇ 1,920 ಟನ್. 2007ರ ಫೆಬ್ರವರಿ 28ರಂದು ಅದನ್ನು ನೂರು ಮೀಟರ್ ಕೆಳಕ್ಕೆ ಇಳಿಸಲು ಸುಮಾರು ಹತ್ತು ಗಂಟೆ ಹಿಡಿಯಿತು. ಬಾವಿಯ ಗೋಡೆಗೂ ಅದಕ್ಕೂ ನಡುವೆ ಒಂದು ಗೇಣಿನಷ್ಟೇ ಅಂತರ.

2008ರ ಸೆಪ್ಟೆಂಬರಿನಲ್ಲಿ ಎಲ್‌ಎಚ್‌ಸಿ ಶುರುವಾಗಿ ಕೆಲವೇ ದಿನಗಳಲ್ಲಿ, 19ನೇ ತಾರೀಕು, ಅಯಸ್ಕಾಂತಗಳ ನಡುವಿನ ವಿದ್ಯುತ್ ಜಾಯಿಂಟೊಂದು ಕೆಟ್ಟು ಯಂತ್ರ ನಿಂತಿತು. ರಿಪೇರಿಗೆ ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಸಿಎಂಎಸ್‌ನವರು ಕೈಕಟ್ಟಿ ಕೂರಲಿಲ್ಲ. ತಮ್ಮ ಡಿಟೆಕ್ಟರಿನ ಅಯಸ್ಕಾಂತವನ್ನು ಚಾಲೂ ಮಾಡಿ, ನೂರು ಮೀಟರ್ ಮಣ್ಣು ದಾಟಿ ಬರುವ ಆಕಾಶದ ಮ್ಯೂಯಾನ್‌ಗಳನ್ನೇ ಹಿಡಿಯುತ್ತಾ ಹೋದರು. ಸುಮಾರು ಒಂದು ತಿಂಗಳಲ್ಲಿ 27 ಕೋಟಿ ದಾಖಲೆ. ಒಂದೇ ಮ್ಯೂಯಾನ್ ಹತ್ತಾರು ಪದರಗಳನ್ನು ದಾಟುತ್ತದಲ್ಲ, ಅದರ ದಾರಿ ಒಂದು ಪದರದಲ್ಲಿ ಮಾತ್ರ ತುಸು ಪಕ್ಕಕ್ಕೆ ಸರಿದಂತೆ ಕಂಡರೆ, ಸರಿದಿರುವುದು ದಾರಿಯಲ್ಲ, ಆ ಪದರ. ಹೀಗೆ ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಬಿಲ್ಲೆಗಳ ಜಾಗ ತಿದ್ದಿಕೊಂಡರು.

## ಕೋಲಾರದ ಸೊನ್ನೆ

ಇಲ್ಲಿವರೆಗೆ ಮ್ಯೂಯಾನ್ ನಮ್ಮ ನೆಂಟ. ನ್ಯೂಟ್ರಿನೋ ಹುಡುಕುವವರಿಗೆ ಅದೇ ಕಾಟ. ನ್ಯೂಟ್ರಿನೋ ಯಾವುದರ ಜೊತೆಗೂ ಬೆರೆಯದ ಕಣ. ಅಪರೂಪಕ್ಕೆ ಬಂಡೆಗೆ ಬಡಿದಾಗ ಒಂದು ಮ್ಯೂಯಾನ್ ಹುಟ್ಟಿಸುತ್ತದೆ. ಆಕಾಶದ ಮ್ಯೂಯಾನ್ ಮಳೆಯ ನಡುವೆ ಅದೊಂದನ್ನು ಗುರುತಿಸುವುದು ಹೇಗೆ? ಮಳೆ ಬೀಳದಷ್ಟು ಆಳಕ್ಕೆ ಹೋಗಬೇಕು.

ಅಂಥ ಆಳ ನಮ್ಮ ಕೆಜಿಎಫ್‌ನಲ್ಲಿತ್ತು. 1950ರ ದಶಕದ ಶುರುವಿನಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಅಲ್ಲಿ ಮ್ಯೂಯಾನ್ ಎಣಿಸಲು ಹೋದರು. ನಂಜನಗೂಡಿನ ಕಡೆಯಲ್ಲಿ ಹುಟ್ಟಿದವರು ಅವರು. ಮುಂದೆ 1960ರ ಸುಮಾರಿಗೆ ಜಪಾನಿನವರ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯ ಒಂದೊಂದು ಮಟ್ಟದಲ್ಲೂ ಅಳತೆ ನಡೆಯಿತು. ಕೆಳಗಿಳಿದಂತೆ ಎಣಿಕೆ ಇಳಿಯುತ್ತಾ ಬಂತು. ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಇಲ್ಲ.

ಸೊನ್ನೆ. ಡಿಟೆಕ್ಟರ್ ಸತ್ತಿದ್ದರೂ ಸೊನ್ನೆಯೇ ತೋರಿಸುತ್ತದೆ. ಈ ಸೊನ್ನೆಯನ್ನು ನಂಬಬಹುದಾಗಿದ್ದು, ಇದೇ ಬಗೆಯ ಉಪಕರಣ ಮೇಲಿನ ಮಟ್ಟಗಳಲ್ಲಿ ಲೆಕ್ಕ ತಪ್ಪದೆ ಎಣಿಸುತ್ತಾ ಬಂದಿದ್ದರಿಂದ.

ಆ ನಂಬಿಕೆಯ ಮೇಲೆ, 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಹೊಸ ಡಿಟೆಕ್ಟರ್ ಕಟ್ಟಿದರು. ಅದನ್ನು ಮಲಗಿಸಲಿಲ್ಲ, ಗೋಡೆಯಂತೆ ನಿಲ್ಲಿಸಿದರು. ಎರಡು ಸಿಂಟಿಲೇಟರ್ ಗೋಡೆ, ನಡುವೆ ಕಣ ಹಾದಾಗ ಬೆಳಗುವ ನಿಯಾನ್ ಕೊಳವೆಗಳು. ಆಕಾಶದಿಂದ ಅಷ್ಟು ಆಳಕ್ಕೂ ಇಳಿದ ಅಲ್ಪಸ್ವಲ್ಪ ಮ್ಯೂಯಾನ್‌ಗಳು ಮೇಲಿನಿಂದಲೇ ಬರಬೇಕು. ಪಕ್ಕದಿಂದ ಬರಬೇಕಾದರೆ ಅಷ್ಟು ದೂರದ ಬಂಡೆಯನ್ನು ಅವು ದಾಟಲಾರವು. ಆದ್ದರಿಂದ ಅಡ್ಡಡ್ಡಕ್ಕೆ ಒಂದು ಗೆರೆ ಬೆಳಗಿತೆಂದರೆ ಅದು ಅಲ್ಲೇ ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೋ ಹುಟ್ಟಿಸಿದ ಮ್ಯೂಯಾನ್. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಆ ಗುರುತು ಸಿಕ್ಕಿದ ಸುದ್ದಿ 1965ರ ಆಗಸ್ಟಿನಲ್ಲಿ ಅಚ್ಚಾಯಿತು. ಅದೇ ತಿಂಗಳ ಕೊನೆಗೆ, ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಿಂದಲೂ ಅಂಥದೇ ಸುದ್ದಿ ಬಂತು. ಎರಡೂ ಕಡೆ ಗೆರೆಗಳು ಬೆರಳೆಣಿಕೆಯಷ್ಟು.